ಡೂಪ್ಲಿಕೇಟ್ ಕೀಗೆ ಬಾಗಿಲು ತೆರೆಯುತ್ತೆ, ಇಂಜಿನ್ ಹಿಡಿಯಲ್ಲ. ಇಮೊಬಿಲೈಸರ್ ಬಗ್ಗೆ ಗೊತ್ತಿರುವವರು ಹೇಳಿ

ಜೋಗದದಾರಿ
ಎಲ್ಲರಿಗೂ ನಮಸ್ಕಾರ. ಅಣ್ಣ ಹೊಸ ಕಾರು ತಗೊಂಡಾಗ ಹಳೆಯದನ್ನು ನನಗೆ ಕೊಟ್ಟ. 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಗಾಡಿ ಚೆನ್ನಾಗಿದೆ, ಆದರೆ ಇರುವುದು ಒಂದೇ ಕೀ. ಅದೂ ಕಳೆದರೆ ಏನು ಗತಿ ಅಂತ ಸಾಗರದ ಪೇಟೆಯಲ್ಲಿ ಡೂಪ್ಲಿಕೇಟ್ ಮಾಡಿಸಿದೆ. ಬಾಗಿಲು ತೆರೆಯುತ್ತದೆ, ಡಿಕ್ಕಿ ತೆರೆಯುತ್ತದೆ, ಇಗ್ನಿಷನ್‌ನಲ್ಲಿ ಸಲೀಸಾಗಿ ತಿರುಗುತ್ತದೆ. ಸ್ಟಾರ್ಟರ್ ಕೂಡ ಗರ್ ಅಂತ ಸುತ್ತುತ್ತದೆ. ಇಂಜಿನ್ ಮಾತ್ರ ಹಿಡಿಯುವುದಿಲ್ಲ. ಮೀಟರಿನಲ್ಲಿ ಕಾರಿನ ಮೇಲೆ ಬೀಗದ ಗುರುತಿರುವ ಕೆಂಪು ದೀಪ ಮಿಣಮಿಣ ಅನ್ನುತ್ತದೆ. ಹಳೇ ಕೀ ಹಾಕಿದರೆ ಒಂದೇ ಏಟಿಗೆ ಸ್ಟಾರ್ಟ್.

ಅಂಗಡಿಯವರು "ಕೀ ಸರಿಯಾಗಿದೆ ಮೇಡಂ, ಗಾಡಿಯಲ್ಲೇ ಪ್ರಾಬ್ಲಂ" ಅಂದರು. ಸರ್ವಿಸ್ ಸೆಂಟರ್‌ನಲ್ಲಿ ಹೊಸ ಕೀಯ ರೇಟು ಕೇಳಿ ದಂಗಾದೆ.

ಇನ್ನೊಂದು ತಲೆನೋವು. ಮಳೆ ಜೋರಾದ ರಾತ್ರಿ ನಿಂತ ಕಾರು ಸುಮ್ನೆ ಕೂಗಿಕೊಳ್ಳಲು ಶುರು ಮಾಡುತ್ತದೆ. ಪಕ್ಕದ ಮನೆಯ ಅಜ್ಜಿ ಬೆಳಿಗ್ಗೆ ಮುಖ ಕೊಟ್ಟು ಮಾತಾಡುವುದಿಲ್ಲ. ಇವೆರಡೂ ಒಂದೇ ಕಾಯಿಲೆಯಾ? ಅಲಾರಂ ವೈರ್ ಕಿತ್ತು ಹಾಕಿದರೆ ಎರಡೂ ಸರಿಹೋಗುತ್ತಾ?

ಸ್ಪ್ಯಾನರ್10
ವೈರ್ ಮಾತ್ರ ಕೀಳಬೇಡಿ ಅಕ್ಕ. ಎರಡೂ ಬೇರೆ ಬೇರೆ ಕಾಯಿಲೆ.

ಬೆಣ್ಣೆದೋಸೆ
ರಿಮೋಟಿನ ಸೆಲ್ ಹೋಗಿರುತ್ತೆ ಅಷ್ಟೇ. ಹೊಸ ಸಿಆರ್2032 ಹಾಕಿ, ಸರಿಯಾಗುತ್ತೆ.

ವೈರಿಂಗ್ ಮೇಷ್ಟ್ರು
ಸೆಲ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನ್ನ ಹತ್ತಿರ ಬರುವ ಗಿರಾಕಿಗಳಲ್ಲೂ ಅರ್ಧ ಜನ ಇದನ್ನೇ ಅಂದುಕೊಂಡಿರುತ್ತಾರೆ.

ಕೀಯ ಪ್ಲಾಸ್ಟಿಕ್ ತಲೆಯೊಳಗೆ ಒಂದು ಪುಟ್ಟ ಚಿಪ್ ಇರುತ್ತದೆ. ಟ್ರಾನ್ಸ್‌ಪಾಂಡರ್ ಅನ್ನುತ್ತಾರೆ. ಕೆಲವು ಗಾಜಿನ ಕೊಳವೆಯಲ್ಲಿ ಬರುತ್ತವೆ, ಕೆಲವು ಕರೀ ಚೂರಿನ ಹಾಗೆ ಇರುತ್ತವೆ. ಇದಕ್ಕೆ ಸೆಲ್ ಬೇಡ. ಕೀ ತೂರಿಸುವ ಇಗ್ನಿಷನ್ ಬ್ಯಾರಲ್‌ನ ಬಾಯಿ ಸುತ್ತ ಪ್ಲಾಸ್ಟಿಕ್ ಉಂಗುರ ಇದೆಯಲ್ಲ, ಅದರೊಳಗೆ ತಾಮ್ರದ ತಂತಿಯ ಕಾಯಿಲ್ ಕೂತಿರುತ್ತದೆ. ಕೀ ಆನ್ ಮಾಡಿದ ಕೂಡಲೇ ಆ ಕಾಯಿಲ್ ಸುಮಾರು 125 ಕಿಲೋಹರ್ಟ್ಸ್‌ನಲ್ಲಿ ಕೆಲಸ ಶುರು ಮಾಡುತ್ತದೆ. ಚಿಪ್ ಅದರಿಂದಲೇ ತನಗೆ ಬೇಕಾದ ಕರೆಂಟ್ ಪಡೆದು ಎಚ್ಚರಗೊಂಡು ತನ್ನ ಗುರುತು ಹೇಳುತ್ತದೆ.

ಹಳೇ ಕಾಲದ ಚಿಪ್‌ಗಳು ಪ್ರತಿ ಸಲ ಒಂದೇ ನಂಬರ್ ಹೇಳುತ್ತಿದ್ದವು. ಆಮೇಲಿನವು ಹಾಗಲ್ಲ. ಕಾರು ಪ್ರತಿ ಸಲ ಒಂದು ಹೊಸ ಸಂಖ್ಯೆ ಕಳಿಸುತ್ತದೆ. ಚಿಪ್ ತನ್ನೊಳಗಿನ ಗುಟ್ಟಿನ ಸಂಖ್ಯೆ ಸೇರಿಸಿ ಲೆಕ್ಕ ಹಾಕಿ ಉತ್ತರ ಕೊಡಬೇಕು. ಕಾರೂ ಅದೇ ಲೆಕ್ಕ ಮಾಡಿ ತಾಳೆ ನೋಡುತ್ತದೆ. ಸರಿಹೋದರೆ ಮಾತ್ರ ಇಸಿಎಂ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗೆ ಚಾಲನೆ ಕೊಡುತ್ತದೆ. ಇಷ್ಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಪರಿಚಯದ ಕೀ ಇಲ್ಲದೆ ಇಂಜಿನ್ ಹಿಡಿಯದಂತೆ ತಡೆಯುವ ಈ ವ್ಯವಸ್ಥೆಯೇ ಇಮೊಬಿಲೈಸರ್.

ನಿಮ್ಮ ಅಂಗಡಿಯವರು ಲೋಹದ ಪಟ್ಟಿಯನ್ನು ಸರಿಯಾಗಿಯೇ ಕಡಿದಿದ್ದಾರೆ, ಅದಕ್ಕೇ ಬಾಗಿಲು ತೆರೆಯುತ್ತದೆ. ತಲೆಯಲ್ಲಿ ಚಿಪ್ ಇಲ್ಲ, ಅಥವಾ ಇದ್ದರೂ ಕಾರಿಗೆ ಅದರ ಪರಿಚಯ ಇಲ್ಲ. ಮಿಣುಕುವ ದೀಪ ಹೇಳುತ್ತಿರುವುದು ಅದನ್ನೇ.

ಪರೀಕ್ಷೆ ಸುಲಭ. ಡೂಪ್ಲಿಕೇಟ್ ಕೀ ಬ್ಯಾರಲ್‌ನಲ್ಲಿ ಇರಲಿ. ಹಳೇ ಕೀಯ ತಲೆಯನ್ನು ಅದರ ತಲೆಗೆ ತಾಗಿಸಿ ಹಿಡಿದುಕೊಂಡು ಸ್ಟಾರ್ಟ್ ಮಾಡಿ ನೋಡಿ.

ಹುಬ್ಬಳ್ಳಿ ಹೈವೇ
ನಮ್ಮ ಕಾಕಾನ ಗಾಡಿಯಲ್ಲಿ ಬೇರೆ ಥರ ಆಗಿತ್ತು ರೀ. ಇಂಜಿನ್ ಹಿಡಿದು, ಎರಡು ಸೆಕೆಂಡಿನಲ್ಲಿ ತಾನೇ ಆಫ್. ಮೆಕ್ಯಾನಿಕ್ ಫ್ಯುಯಲ್ ಪಂಪ್ ಬದಲಿಸಿದ, ಆಮೇಲೆ ಫಿಲ್ಟರ್ ಬದಲಿಸಿದ, ಕೊನೆಗೆ ನೋಡಿದರೆ ಬ್ಯಾರಲ್ ಸುತ್ತಲಿನ ಕಾಯಿಲ್‌ನ ಕನೆಕ್ಟರ್ ಸಡಿಲ. ದುಡ್ಡು ಹೋಯಿತು ಸುಮ್ನೆ.

ವೈರಿಂಗ್ ಮೇಷ್ಟ್ರು
ಹೌದು, ಕಂಪನಿಗೊಂದು ಥರ. ಕೆಲವರು ಸ್ಟಾರ್ಟರ್ ರಿಲೇಯನ್ನೇ ಕಟ್ ಮಾಡುತ್ತಾರೆ, ಆಗ ಟಕ್ ಅನ್ನುವ ಸದ್ದೂ ಬರಲ್ಲ. ಕೆಲವರು ಇಂಜೆಕ್ಟರ್ ನಿಲ್ಲಿಸುತ್ತಾರೆ. ಕೆಲವು ಗಾಡಿಯಲ್ಲಿ ಒಂದೆರಡು ಸೆಕೆಂಡ್ ಓಡಿಸಿ ಆಮೇಲೆ ಆಫ್. ಅದಕ್ಕೇ "ಸ್ಟಾರ್ಟ್ ಆಗಲ್ಲ" ಅಂತ ಗಾಡಿ ಬಂದರೆ ಮೊದಲು ಮೀಟರಿನ ಆ ದೀಪ ನೋಡಬೇಕು. ಪಂಪ್ ಬಿಚ್ಚುವುದು ಆಮೇಲೆ.

ಇನ್ನೊಂದು ಮಾತು. ಒಂದೇ ರಿಂಗಿನಲ್ಲಿ ಎರಡು ಕಾರಿನ ಚಿಪ್ ಕೀ ಹಾಕಿಕೊಳ್ಳಬೇಡಿ. ಎರಡೂ ಒಟ್ಟಿಗೆ ಉತ್ತರ ಕೊಟ್ಟು ಕಾರಿಗೆ ಗೊಂದಲ ಆಗುವುದುಂಟು.

ಬೆಣ್ಣೆದೋಸೆ
ಹಾಗಾದರೆ ರಿಮೋಟಿನಲ್ಲಿ ಸೆಲ್ ಯಾಕೆ ಇರುತ್ತೆ ಮೇಷ್ಟ್ರೇ?

ಸ್ಪ್ಯಾನರ್10
ಅದು ಬಾಗಿಲಿಗೆ ಗುರು. ಲಾಕ್, ಅನ್‌ಲಾಕ್ ಬಟನ್ ಒತ್ತಿದಾಗ ದೂರದಿಂದ ಸಿಗ್ನಲ್ ಹೋಗಬೇಕಲ್ಲ. ನಮ್ಮ ಕಡೆ ಹೆಚ್ಚಿನವು 433 ಮೆಗಾಹರ್ಟ್ಸ್, ಅಮೆರಿಕ, ಜಪಾನ್ ಗಾಡಿಗಳಲ್ಲಿ 315. ಒತ್ತಿದ ಪ್ರತಿ ಸಲವೂ ಕೋಡ್ ಬದಲಾಗುತ್ತದೆ, ನಿನ್ನೆಯ ಕೋಡ್ ಇವತ್ತು ನಡೆಯಲ್ಲ. ಸೆಲ್ ಸತ್ತರೆ ಬಟನ್ ಕೆಲಸ ಮಾಡಲ್ಲ, ಚಿಪ್ ಮಾಡುತ್ತೆ. ಒಂದೇ ಪ್ಲಾಸ್ಟಿಕ್ಕಿನೊಳಗೆ ಎರಡು ಬೇರೆ ಸಂಸಾರ.

ನೇತ್ರಾವತಿ
ಸೆಲ್ ಸತ್ತರೆ ಇನ್ನೊಂದು ಕಷ್ಟ ಉಂಟು ಮಾರಾಯ್ರೇ. ರಿಮೋಟಿನಲ್ಲಿ ಲಾಕ್ ಮಾಡಿದ ಕಾರನ್ನು ಕೀ ಹಾಕಿ ತೆರೆದರೆ ಬೊಬ್ಬೆ ಹೊಡೆಯುತ್ತದೆ. ಧರ್ಮಸ್ಥಳದ ಪಾರ್ಕಿಂಗ್‌ನಲ್ಲಿ ಒಬ್ಬರ ಕಾರು ಹಾಗೆ ಕೂಗುತ್ತಿತ್ತು. ಪಾಪ, ಸ್ವಂತ ಕಾರಿನ ಹತ್ತಿರವೇ ಅವರು ಗಾಬರಿಯಲ್ಲಿ ನಿಂತಿದ್ದರು, ಸುತ್ತ ಜನ. ಒಳಗೆ ಕೂತು ಕೀ ಹಾಕಿ ಇಗ್ನಿಷನ್ ಆನ್ ಮಾಡಿ ಅಂದೆ. ಕೂಡಲೇ ನಿಂತಿತು. ಚಿಪ್ ಸಿಕ್ಕಿದರೆ ಅಲಾರಂ ಸುಮ್ಮನಾಗುತ್ತದೆ, ಹೆಚ್ಚಿನ ಕಾರಿನಲ್ಲಿ ಹೀಗೆಯೇ.

ಕೆಂಪೇಗೌಡ ರಸ್ತೆ
ಪುಶ್ ಬಟನ್ ಗಾಡಿಯಲ್ಲಿ? ಅದರಲ್ಲಿ ಕೀ ಹಾಕುವ ತೂತೇ ಇಲ್ಲವಲ್ಲ.

ನೇತ್ರಾವತಿ
ರಿಮೋಟಿನ ಒಳಗಿನಿಂದ ಚಿಕ್ಕ ಕೀ ಎಳೆಯಲು ಬರುತ್ತದೆ, ಅದರಲ್ಲಿ ಬಾಗಿಲು ತೆಗೆಯಿರಿ. ಆಮೇಲೆ ರಿಮೋಟನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಹಿಡಿದು ಒತ್ತಿ. ಹಲವು ಕಾರಿನಲ್ಲಿ ಕಾಯಿಲ್ ಬಟನ್ ಹಿಂದೆಯೇ ಇರುತ್ತದೆ. ಕೆಲವದರಲ್ಲಿ ಕಪ್ ಹೋಲ್ಡರ್ ಹತ್ತಿರ, ಕೆಲವದರಲ್ಲಿ ಸ್ಟೀರಿಂಗ್ ಕಾಲಂ ಮೇಲೆ. ಮ್ಯಾನುಯಲ್‌ನಲ್ಲಿ ಚಿತ್ರ ಸಹಿತ ಇದೆ. ಘಾಟಿಯಲ್ಲಿ ಸಿಕ್ಕಿ ಬೀಳುವ ಮೊದಲು ಒಮ್ಮೆ ಮಾಡಿ ನೋಡಿಟ್ಟುಕೊಳ್ಳಿ.

ಜೋಗದದಾರಿ
ಮೇಷ್ಟ್ರೇ, ನೀವು ಹೇಳಿದ ಹಾಗೆ ಎರಡು ಕೀಯ ತಲೆ ತಾಗಿಸಿ ಹಿಡಿದೆ. ಡೂಪ್ಲಿಕೇಟ್‌ನಲ್ಲೇ ಸ್ಟಾರ್ಟ್ ಆಯಿತು! ದೀಪವೂ ಆರಿತು. ಹಾಗಾದರೆ ಗಾಡಿಯಲ್ಲಿ ಏನೂ ತೊಂದರೆ ಇಲ್ಲ ಅಂತಾಯಿತು. ಈಗ ಚಿಪ್ ಹಾಕಿಸುವುದು ಎಲ್ಲಿ?

ಜೆಸಿ ರೋಡ್ ಜಂಕ್ಷನ್
ಬೆಂಗಳೂರಾದರೆ ಜೆ.ಸಿ. ರಸ್ತೆ ಕಡೆ ಮಾಡುವವರಿದ್ದಾರೆ. ನಿಮಗೆ ಶಿವಮೊಗ್ಗದಲ್ಲೂ ಸಿಗುತ್ತಾರೆ. ಕೇಳುವಾಗ ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ: ಕ್ಲೋನಾ, ಪ್ರೋಗ್ರಾಮಿಂಗಾ?

ಕ್ಲೋನ್ ಅಂದರೆ ಹಳೇ ಚಿಪ್‌ನ ಗುರುತನ್ನೇ ಹೊಸ ಚಿಪ್‌ಗೆ ನಕಲು ಮಾಡುವುದು. ಕಾರಿಗೆ ಎರಡೂ ಒಂದೇ ಕೀ. ಪ್ರೋಗ್ರಾಮಿಂಗ್ ಅಂದರೆ ಸ್ಟೀರಿಂಗ್ ಕೆಳಗೆ ಗಾಡಿಯ ಕಂಪ್ಯೂಟರ್ ಪರೀಕ್ಷಿಸಲು ಇರುವ ಒಬಿಡಿ ಸಾಕೆಟ್‌ಗೆ ಟೂಲ್ ಹಾಕಿ, ಗಾಡಿಯ ಸೆಕ್ಯುರಿಟಿ ಕೋಡ್ ಕೊಟ್ಟು, ಹೊಸ ಚಿಪ್ಪನ್ನು ಕಾರಿನ ಪಟ್ಟಿಗೆ ಸೇರಿಸುವುದು. ಎರಡನೆಯದು ಒಳ್ಳೆಯದು. ನಾಳೆ ಒಂದು ಕೀ ಕಳೆದರೆ ಅದೊಂದನ್ನೇ ಪಟ್ಟಿಯಿಂದ ತೆಗೆಸಬಹುದು. ಕ್ಲೋನ್ ಆದರೆ ಕಳೆದದ್ದನ್ನು ತೆಗೆದರೆ ಕೈಯಲ್ಲಿರುವುದೂ ಹೋಯಿತು.

ಅಂದಹಾಗೆ ಒಂದು ಕೀ ಇರುವಾಗಲೇ ಮಾಡಿಸಿ. ಎಲ್ಲ ಕೀ ಕಳೆದ ಮೇಲೆ ಹೋದರೆ ಕೆಲಸವೂ ಜಾಸ್ತಿ, ಖರ್ಚೂ ಜಾಸ್ತಿ. ಕೆಲವು ಗಾಡಿಗೆ ಇಸಿಎಂ ಬಿಚ್ಚುವ ತನಕ ಹೋಗುತ್ತದೆ.

ಕೆಂಪೇಗೌಡ ರಸ್ತೆ
ಒಂದು ನಿಮಿಷ. ಬೀದಿ ಬದಿಯಲ್ಲೇ ಕ್ಲೋನ್ ಮಾಡಬಹುದು ಅಂದರೆ ಕಳ್ಳನೂ ಮಾಡುತ್ತಾನೆ. ಮತ್ತೆ ಈ ಇಮೊಬಿಲೈಸರ್‌ನ ಪ್ರಯೋಜನ ಏನು? ಕಂಪನಿಯವರು ಬ್ರೋಷರ್‌ನಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಲಿಕ್ಕಾ?

ಬಿಟ್ ಬೈಟ್ ಬಸವನಗುಡಿ
ನಿಮ್ಮ ಪ್ರಶ್ನೆ ನ್ಯಾಯವಾದದ್ದು, ಆದರೆ ತೀರ್ಪು ಸರಿಯಲ್ಲ.

ಚಿಪ್‌ಗಳನ್ನು ಒಡೆದಿದ್ದಾರೆ, ನಿಜ. 2005ರಲ್ಲೇ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಮತ್ತು ಆರ್‌ಎಸ್‌ಎ ಲ್ಯಾಬ್ಸ್ ಅನ್ನುವ ಭದ್ರತಾ ಸಂಶೋಧನಾ ಸಂಸ್ಥೆಯವರು ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಒಡೆದು ಫೋರ್ಡ್ ಗಾಡಿ ಸ್ಟಾರ್ಟ್ ಮಾಡಿ ತೋರಿಸಿದರು. ಅದರ ಗುಟ್ಟಿನ ಸಂಖ್ಯೆ ಬರೀ 40 ಬಿಟ್ ಉದ್ದ, ಅಂದರೆ ತೀರಾ ಚಿಕ್ಕದು. ಆಮೇಲೆ ಮೆಗಾಮೋಸ್ ಅನ್ನುವ ಚಿಪ್, 96 ಬಿಟ್‌ನದು. ಮೂವರು ಸಂಶೋಧಕರು ಅದರ ದೋಷ ಕಂಡುಹಿಡಿದರು. 2013ರಲ್ಲಿ ಫೋಕ್ಸ್‌ವ್ಯಾಗನ್ ಲಂಡನ್ನಿನ ಹೈಕೋರ್ಟಿಗೆ ಹೋಗಿ ಪ್ರಕಟಣೆಗೆ ತಡೆ ತಂದಿತು. ಕೊನೆಗೆ 2015ರಲ್ಲಿ ಪ್ರಬಂಧ ಹೊರಬಂತು. ದೋಷ ಮುಚ್ಚಿಟ್ಟರೆ ಗಾಡಿ ಭದ್ರ ಆಗಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮಾಲೀಕನಿಗೆ ಮೊದಲು ಗೊತ್ತಾಗಬೇಕು.

ಆದರೆ ಇದನ್ನೆಲ್ಲ ಮಾಡಲು ಸಲಕರಣೆ ಬೇಕು, ತಿಳಿವಳಿಕೆ ಬೇಕು. ಸ್ಕ್ರೂಡ್ರೈವರ್ ಹಿಡಿದು ಎರಡು ವೈರ್ ಸೇರಿಸಿ ಗಾಡಿ ಎತ್ತುವ ಕಾಲ ಹೋಯಿತಲ್ಲ, ಅದು ಸಣ್ಣ ವಿಷಯ ಅಲ್ಲ.

ಮಿಷಿಗನ್ ಮೈಸೂರಿಗ
ಇಮೊಬಿಲೈಸರ್ ಇಲ್ಲದಿದ್ದರೆ ಏನಾಗುತ್ತದೆ ಅಂತ ಇಲ್ಲಿ ಅಮೆರಿಕದಲ್ಲಿ ಕಣ್ಣಾರೆ ನೋಡಿದ್ದೇವೆ, ಅದಕ್ಕೇ ಬರೆಯುತ್ತಿದ್ದೇನೆ.

2011ರಿಂದ 2021ರ ತನಕ ಇಲ್ಲಿ ಮಾರಿದ ಹಲವು ಕಿಯಾ, ಹ್ಯುಂಡೈ ಮಾಡೆಲ್‌ಗಳಲ್ಲಿ, ಅದರಲ್ಲೂ ಕೀ ತಿರುಗಿಸುವ ಕಡಿಮೆ ಬೆಲೆಯ ಗಾಡಿಗಳಲ್ಲಿ, ಇಮೊಬಿಲೈಸರ್ ಇರಲಿಲ್ಲ. 2015ರ ಮಾಡೆಲ್ ಲೆಕ್ಕ ನೋಡಿ: ಬೇರೆ ಕಂಪನಿಗಳ ಗಾಡಿಗಳಲ್ಲಿ 96% ಇಮೊಬಿಲೈಸರ್ ಸಹಿತ ಬರುತ್ತಿದ್ದವು, ಈ ಎರಡು ಕಂಪನಿಗಳದ್ದು 26% ಮಾತ್ರ. ಮಿಲ್ವಾಕಿ ಊರಿನ ಹುಡುಗರು ಇದನ್ನು ಕಂಡುಕೊಂಡರು. 2022ರಲ್ಲಿ ಟಿಕ್‌ಟಾಕ್‌ನಲ್ಲಿ ವಿಡಿಯೋ ಹರಿದಾಡಿ ದೇಶವೆಲ್ಲ ಹಬ್ಬಿತು. ಬ್ಯಾರಲ್ ಒಡೆದು ಯುಎಸ್‌ಬಿ ಕೇಬಲ್ ತುದಿಯಿಂದ ತಿರುಗಿಸಿದರೆ ಸಾಕು, ಗಾಡಿ ಹೊರಟಿತು. ಹದಿನಾಲ್ಕು ಹದಿನೈದು ವಯಸ್ಸಿನ ಮಕ್ಕಳು. ಆಟಕ್ಕೆ ಅಂತ ಓಡಿಸಿ ಗುದ್ದಿ ಪ್ರಾಣ ಕಳೆದುಕೊಂಡವರೂ ಇದ್ದಾರೆ.

2023ರಲ್ಲಿ ಕಂಪನಿಗಳು ಸಾಫ್ಟ್‌ವೇರ್ ಬದಲಿಸಿದವು, ಅಲಾರಂ ಕೂಗುವ ಸಮಯವನ್ನು 30 ಸೆಕೆಂಡಿನಿಂದ ಒಂದು ನಿಮಿಷಕ್ಕೆ ಏರಿಸಿದವು, ಸ್ಟೀರಿಂಗ್ ಲಾಕ್ ಪುಕ್ಕಟೆ ಹಂಚಿದವು. ಸುಮಾರು 20 ಕೋಟಿ ಡಾಲರ್‌ಗೆ ಕೇಸು ರಾಜಿಯಾಯಿತು. ಇನ್ನು ಇದನ್ನು ಕೇಳಿ: ಗಡಿಯಾಚೆ ಕೆನಡಾದಲ್ಲಿ ಇದೇ ಕಂಪನಿಗಳ ಗಾಡಿಗೆ ಈ ಕಾಟ ಇರಲಿಲ್ಲ. ಅಲ್ಲಿ 2007ರ ಸೆಪ್ಟೆಂಬರ್‌ನಿಂದಲೇ ಇಮೊಬಿಲೈಸರ್ ಕಡ್ಡಾಯ. ಅದೇ ಕಂಪನಿ, ಒಂದು ಚಿಪ್ಪಿನ ವ್ಯತ್ಯಾಸ. ಕಾನೂನು ಇಲ್ಲದ ಕಡೆ ಕೆಲವು ಡಾಲರ್ ಉಳಿಸಿದರು, ಅದರ ಬೆಲೆ ಬಡವರ ಕಾಲೊನಿಗಳು ಕೊಟ್ಟವು. ನನಗೆ ಈಗಲೂ ಸಿಟ್ಟು ಬರುತ್ತದೆ.

ಕೆಂಪೇಗೌಡ ರಸ್ತೆ
ಇದು ಒಪ್ಪುವ ಮಾತು. ನಮ್ಮಲ್ಲಿ ಬೇಸ್ ಮಾಡೆಲ್‌ಗೆ ಬರುತ್ತಾ?

ಸ್ಪ್ಯಾನರ್10
ಇವತ್ತು ಹೆಚ್ಚಿನವಕ್ಕೆ ಬರುತ್ತೆ. ಮಾರುತಿಯಲ್ಲಿ ಐ-ಕ್ಯಾಟ್ಸ್ ಅಂತ ಕರೆಯುತ್ತಾರಲ್ಲ, ಅದೇ ಇದು. ಅಲಾರಂ ಮಾತ್ರ ಮೇಲಿನ ವೇರಿಯೆಂಟ್‌ಗೆ ಇಟ್ಟಿರುತ್ತಾರೆ. ಬುಕ್ ಮಾಡುವ ಮುಂಚೆ ಬ್ರೋಷರ್‌ನಲ್ಲಿ ಎರಡನ್ನೂ ಬೇರೆ ಬೇರೆಯಾಗಿ ನೋಡಿ. "ಸೆಕ್ಯುರಿಟಿ ಸಿಸ್ಟಂ ಇದೆ ಸರ್" ಅಂತ ಸೇಲ್ಸ್ ಹುಡುಗ ಹೇಳಿದರೆ ಯಾವುದು ಅಂತ ಕೇಳಿ.

ಹಳೇ ಪದ್ಮಿನಿ
ಇತಿಹಾಸ ಬೇಕಾದವರಿಗೆ ಒಂದು ಸಣ್ಣ ವಿಷಯ. 1986ರ ಶೆವರ್ಲೆ ಕಾರ್ವೆಟ್‌ನಲ್ಲಿ ಜನರಲ್ ಮೋಟಾರ್ಸ್ (ಜಿಎಂ) ಕಂಪನಿ ಕೀಯ ಮೇಲೆ ಒಂದು ರೆಸಿಸ್ಟರ್, ಅಂದರೆ ಕರೆಂಟಿನ ಹರಿವಿಗೆ ಅಡ್ಡಿ ಮಾಡುವ ಪುಟ್ಟ ಬಿಡಿಭಾಗ, ಕೂರಿಸಿತ್ತು. ಒಟ್ಟು 15 ರೆಸಿಸ್ಟೆನ್ಸ್ ಅಳತೆಗಳು, ಅದರಲ್ಲಿ ನಿಮ್ಮದು ಯಾವುದೋ ಒಂದು. ತಾಳೆ ಆಗದಿದ್ದರೆ ಸ್ಟಾರ್ಟ್ ಇಲ್ಲ. ಚಿಪ್ ಆಮೇಲೆ ಬಂತು. ಬ್ರಿಟನ್ನಿನಲ್ಲಿ ಹೊಸ ಕಾರುಗಳಿಗೆ ಇಮೊಬಿಲೈಸರ್ ಕಡ್ಡಾಯವಾದದ್ದು 1998ರ ಅಕ್ಟೋಬರ್‌ನಲ್ಲಿ.

ತುಂಗಾತೀರ
ಮಳೆಗೆ ಕೂಗುವ ಅಲಾರಂ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ. ಜೋಗದದಾರಿ ಅವರೇ, ಮಳೆಗಾಲದ ಕೂಗಿಗೆ ನನ್ನ ಅನುಮಾನ ಬಾನೆಟ್ ಸ್ವಿಚ್ ಮೇಲೆ. ನಮ್ಮ ಮಲೆನಾಡಿನಲ್ಲಿ ಇದು ಮಾಮೂಲು. ಬಾನೆಟ್ ಲಾಚ್ ಹತ್ತಿರ ಹೆಬ್ಬೆರಳಿನಲ್ಲಿ ಒತ್ತಬಹುದಾದ ಪುಟ್ಟ ಸ್ವಿಚ್ ಇರುತ್ತದೆ. ಬಾನೆಟ್ ಮುಚ್ಚಿದೆಯಾ ಇಲ್ಲವಾ ಅಂತ ಅಲಾರಂಗೆ ಹೇಳುವುದು ಅದೇ. ಗ್ರಿಲ್ ಹಿಂದೆಯೇ ಇರುವುದರಿಂದ ನೀರು, ಕೆಸರು ನೇರ ಅಲ್ಲಿಗೇ. ಒಳಗೆ ಹಸಿರು ತುಕ್ಕು ಕಟ್ಟಿದರೆ ರಾತ್ರಿ ತೇವಕ್ಕೆ "ಬಾನೆಟ್ ತೆರೆದಿದೆ" ಅಂತ ಸುಳ್ಳು ಸುದ್ದಿ ಹೋಗುತ್ತದೆ. ಕನೆಕ್ಟರ್ ಬಿಚ್ಚಿ ನೋಡಿ.

ಏಲಕ್ಕಿ ತೋಟ
ಇಲಿಯೂ ಇರಬಹುದು. ನಮ್ಮಲ್ಲಿ ಬಾನೆಟ್ ಒಳಗೆ ಗೂಡು ಕಟ್ಟಿ ಸ್ವಿಚ್‌ನ ವೈರ್ ಕಡಿದು ಹಾಕಿತ್ತು.

ನೇತ್ರಾವತಿ
ಇಲಿಗೆ ಏನು ಮಾಡುತ್ತೀರಿ? ನಾನು ಹೊಗೆಸೊಪ್ಪು ಕಟ್ಟಿ ಇಡುತ್ತೇನೆ, ಅಷ್ಟೇನೂ ಪ್ರಯೋಜನ ಕಾಣಲಿಲ್ಲ.

ಏಲಕ್ಕಿ ತೋಟ
ಬಾನೆಟ್ ರಾತ್ರಿ ತೆರೆದಿಡುತ್ತೇನೆ. ಬೆಳಕು ಗಾಳಿ ಇದ್ದರೆ ಇಲಿ ಕೂರಲ್ಲ. ಆದರೆ ಬಾನೆಟ್ ತೆರೆದು ಲಾಕ್ ಮಾಡಿದರೆ ಕೆಲವು ಕಾರಿನಲ್ಲಿ ಅಲಾರಂ ಸೆಟ್ ಆಗಲ್ಲ, ನೆನಪಿರಲಿ.

ಇಂದಿರಾನಗರ ಇವಿ
ನನ್ನದೊಂದು ಪ್ರಶ್ನೆ. ಬೆಂಗಳೂರಿನಲ್ಲೇ ಹಿಂದಿನ ಗಾಜು ಒಡೆದು ಲ್ಯಾಪ್‌ಟಾಪ್ ಬ್ಯಾಗ್ ಎತ್ತಿಕೊಂಡು ಹೋದರು. ಕಾರು ಲಾಕ್ ಆಗಿತ್ತು, ಅಲಾರಂ ಇರುವ ಟಾಪ್ ಮಾಡೆಲ್. ಒಂದು ಸದ್ದೂ ಮಾಡಲಿಲ್ಲ! ಸೀಟ್ ತುಂಬ ಗಾಜಿನ ಹರಳು, ಮೂಲೆಯಲ್ಲಿ ಕೆಂಪು ಎಲ್‌ಇಡಿ ಎಂದಿನಂತೆ ಮಿಣುಕುತ್ತಾ ಇತ್ತು.

ವೈರಿಂಗ್ ಮೇಷ್ಟ್ರು
ಕೆಟ್ಟಿಲ್ಲ ಸರ್ ಅದು. ಇಲ್ಲಿನ ಹೆಚ್ಚಿನ ಕಂಪನಿ ಅಲಾರಂಗಳು ನೋಡುವುದು ಬಾಗಿಲು, ಡಿಕ್ಕಿ, ಬಾನೆಟ್‌ನ ಸ್ವಿಚ್‌ಗಳನ್ನು ಮಾತ್ರ. ಗಾಜು ಒಡೆದು ಕೈ ಹಾಕಿ ಬ್ಯಾಗ್ ಎಳೆದರೆ ಯಾವ ಬಾಗಿಲೂ ತೆರೆಯಲಿಲ್ಲ, ಅದಕ್ಕೆ ಕಾರಣವೇ ಸಿಗಲಿಲ್ಲ. ಒಳಗಿನ ಚಲನೆ ಗುರುತಿಸಬೇಕು ಅಂದರೆ ಅಲ್ಟ್ರಾಸಾನಿಕ್ ಸೆನ್ಸರ್ ಬೇಕು. ಚಾವಣಿಯ ದೀಪದ ಹತ್ತಿರ ಎರಡು ಜಾಲರಿ ಕಣ್ಣು ಇರುತ್ತವೆ, ಮನುಷ್ಯರ ಕಿವಿಗೆ ಕೇಳದ ಸದ್ದು ಬಿಡುತ್ತಾ ಇರುತ್ತವೆ. ಟೋಯಿಂಗ್ ಮಾಡಿದರೆ ಕೂಗಬೇಕಾದರೆ ಟಿಲ್ಟ್ ಸೆನ್ಸರ್ ಬೇಕು. ಇವೆಲ್ಲ ದುಬಾರಿ ಗಾಡಿಗಳಲ್ಲಿ. ನಮ್ಮ ದರದ ಗಾಡಿಯಲ್ಲಿ ಸೀಟಿನ ಮೇಲೆ ಬ್ಯಾಗ್ ಬಿಡದಿರುವುದೇ ಉಪಾಯ.

ರೆಡಿಂಗ್ ರಾಯಚೂರು
ಇಂಗ್ಲೆಂಡಿನಲ್ಲಿ ಇದಕ್ಕೆ ಥ್ಯಾಚಮ್ ವರ್ಗ ಅಂತ ಇದೆ, ಥ್ಯಾಚಮ್ ಅಂದರೆ ಇನ್ಶೂರೆನ್ಸ್ ಕಂಪನಿಗಳ ಸಂಶೋಧನಾ ಸಂಸ್ಥೆ. ಕ್ಯಾಟಗರಿ 1 ಅಂದರೆ ಅಲಾರಂ ಮತ್ತು ಇಮೊಬಿಲೈಸರ್ ಎರಡೂ, 2 ಅಂದರೆ ಇಮೊಬಿಲೈಸರ್ ಮಾತ್ರ. ಇನ್ಶೂರೆನ್ಸ್‌ನವರು ಅದನ್ನೇ ಕೇಳುತ್ತಾರೆ.

ಆದರೆ ಇಲ್ಲಿ ಈಗಿನ ಭಯ ಬೇರೆ, ಕೀಲೆಸ್ ಗಾಡಿಗಳದ್ದು, ಅಂದರೆ ರಿಮೋಟ್ ಹತ್ತಿರ ಇದ್ದರೇ ತೆರೆದುಕೊಂಡು ಸ್ಟಾರ್ಟ್ ಆಗುವಂಥವು. ರಿಮೋಟ್ ಮನೆಯೊಳಗೆ ಬಾಗಿಲ ಹತ್ತಿರ ಮೊಳೆಯಲ್ಲಿ ತೂಗುತ್ತಿರುತ್ತದೆ. ಒಬ್ಬ ಮನೆ ಬಾಗಿಲಲ್ಲಿ ಆಂಟೆನಾ ಹಿಡಿದು ನಿಲ್ಲುತ್ತಾನೆ, ಇನ್ನೊಬ್ಬ ಕಾರಿನ ಹತ್ತಿರ. ಕಾರಿನ ಸಿಗ್ನಲ್ ಮನೆಗೂ, ರಿಮೋಟಿನ ಉತ್ತರ ಕಾರಿಗೂ ದಾಟುತ್ತದೆ. ಮಾಲೀಕನೇ ಪಕ್ಕದಲ್ಲಿದ್ದಾನೆ ಅಂತ ಕಾರು ನಂಬುತ್ತದೆ. ಕೋಡ್ ಒಡೆಯುವ ಗೋಜೇ ಇಲ್ಲ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲೇ 8 ಕಂಪನಿಗಳ 10 ಮಾಡೆಲ್ ಮೇಲೆ ಇದನ್ನು ಪ್ರಯೋಗಿಸಿ ಪ್ರಕಟಿಸಿದ್ದರು, ಹತ್ತೂ ಸೋತವು.

ಬೆಣ್ಣೆದೋಸೆ
ಅಯ್ಯೋ, ನಮ್ಮದೂ ಬಾಗಿಲ ಹತ್ತಿರವೇ ತೂಗುತ್ತೆ. ಏನು ಮಾಡಬೇಕು?

ಬಿಟ್ ಬೈಟ್ ಬಸವನಗುಡಿ
ಗಟ್ಟಿ ಮುಚ್ಚಳದ ತಗಡಿನ ಡಬ್ಬಿಯಲ್ಲಿಡಿ. ಡಬ್ಬಿ ಸಮೇತ ಕಾರಿನ ಹತ್ತಿರ ಹೋಗಿ ಬಾಗಿಲು ತೆರೆಯುತ್ತಾ ನೋಡಿ. ತೆರೆದರೆ ಡಬ್ಬಿ ಬದಲಿಸಿ. ಹೊಸ ರಿಮೋಟ್‌ಗಳಲ್ಲಿ ಕೆಲವು ಅಲುಗಾಡದಿದ್ದರೆ ತಾವೇ ಮಲಗುತ್ತವೆ. ಇನ್ನು ಕೆಲವು ಅಲ್ಟ್ರಾ ವೈಡ್‌ಬ್ಯಾಂಡ್ ಅನ್ನುವ ರೇಡಿಯೋ ತಂತ್ರದಲ್ಲಿ ಸಿಗ್ನಲ್ ಬರುವ ಸಮಯ ಅಳೆದು ದೂರ ಲೆಕ್ಕ ಹಾಕುತ್ತವೆ, ಅವಕ್ಕೆ ಈ ಮೋಸ ನಡೆಯಲ್ಲ.

ಹಳೇ ಪದ್ಮಿನಿ
ಇದೆಲ್ಲಕ್ಕಿಂತ ಗೇರ್ ಲಾಕ್ ಹಾಕಿಸಿ. ಯಾವ ಆಂಟೆನಾಕ್ಕೂ ಜಗ್ಗಲ್ಲ.

ಕೆಂಪೇಗೌಡ ರಸ್ತೆ
ಹೊಸ ಗಾಡಿಗೆ ತೂತು ಕೊರೆಸಲಾ? ಅದೂ ಆಟೊಮ್ಯಾಟಿಕ್‌ಗೆ?

ಹಳೇ ಪದ್ಮಿನಿ
ಸ್ಟೀರಿಂಗ್ ಲಾಕ್ ಹಾಕಿ ಹಾಗಾದರೆ. ಕಣ್ಣಿಗೆ ಕಾಣುವ ಬೀಗಕ್ಕೆ ಕಳ್ಳ ಹೆದರುತ್ತಾನೆ. ಚಿಪ್ ಇದೆಯೋ ಇಲ್ಲವೋ ಅಂತ ಅವನಿಗೆ ಗೊತ್ತಾಗುವುದು ಗಾಜು ಒಡೆದ ಮೇಲೆಯೇ, ಅಷ್ಟೊತ್ತಿಗೆ ನಿಮಗೆ ನಷ್ಟ ಆಗಿರುತ್ತದೆ.

ಜೋಗದದಾರಿ
ತುಂಗಾತೀರ ಅವರ ಅನುಮಾನವೇ ನಿಜ. ಬಾನೆಟ್ ಸ್ವಿಚ್‌ನ ಕನೆಕ್ಟರ್ ಬಿಚ್ಚಿದರೆ ಒಳಗೆ ಕೆಸರು ನೀರು, ಒಂದು ಪಿನ್ ಪೂರ್ತಿ ಹಸಿರಾಗಿತ್ತು. ಎಲೆಕ್ಟ್ರಿಷಿಯನ್ ಕ್ಲೀನ್ ಮಾಡಿ ಗ್ರೀಸ್ ಹಚ್ಚಿ ಕೊಟ್ಟರು. ನಿನ್ನೆಯ ಮಳೆಗೆ ಕೂಗಲಿಲ್ಲ. ಕೀಯನ್ನು ಶಿವಮೊಗ್ಗದಲ್ಲಿ ಪ್ರೋಗ್ರಾಮಿಂಗ್ ಮಾಡಿಸಿದೆ. ಎಲ್ಲರಿಗೂ ಧನ್ಯವಾದ.

ಜೆಸಿ ರೋಡ್ ಜಂಕ್ಷನ್
ಒಳ್ಳೆಯದಾಯಿತು. ಆದರೆ ಹಳೇ ಒರಿಜಿನಲ್ ಕೀಯನ್ನು ಜೋಪಾನ ಮಾಡಿ, ಎರಡನೇ ಒರಿಜಿನಲ್ ಏನಾಯಿತು ಅಂತ ಅಣ್ಣನ್ನ ಕೇಳಿ. ಕಾರು ಕಳುವಾಗಿ ಕ್ಲೇಮ್‌ಗೆ ಹೋದರೆ ಇನ್ಶೂರೆನ್ಸ್‌ನವರು ಎರಡೂ ಕೀ ಕೇಳುತ್ತಾರೆ. ಕಳೆದಿದ್ದರೆ ಈಗಲೇ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಿ, ಹೊಸ ಕೀ ಮಾಡಿಸಿದ ಬಿಲ್ಲನ್ನೂ ಇಡಿ.

ಗುಜರಿ ಗಿರಾಕಿ
ವಿಷಯ ಬಂದಾಗಲೇ ಕೇಳಿಬಿಡುತ್ತೇನೆ. ಇಸಿಎಂಗೆ ನೀರು ಹೋಗಿ ಸುಟ್ಟಿತ್ತು. ಗುಜರಿಯಿಂದ ಅದೇ ಮಾಡೆಲ್‌ನ ಇಸಿಎಂ ತಂದು ಹಾಕಿಸಿದೆ, ಪಾರ್ಟ್ ನಂಬರ್ ಕೂಡ ಒಂದೇ. ಸ್ಟಾರ್ಟ್ ಆಗುತ್ತಿಲ್ಲ. ಬೋರ್ಡ್ ಕೆಟ್ಟಿದೆಯಾ?

ವೈರಿಂಗ್ ಮೇಷ್ಟ್ರು
ಕೆಟ್ಟಿರಬೇಕಾಗಿಲ್ಲ. ಆ ಇಸಿಎಂಗೆ ಗೊತ್ತಿರುವುದು ಅದರ ಹಳೇ ಗಾಡಿಯ ಇಮೊಬಿಲೈಸರ್, ಅದರ ಕೀಗಳು. ನಿಮ್ಮ ಕೀಯನ್ನು ಅದು ಕಳ್ಳನ ಕೀ ಅಂತಲೇ ತಿಳಿಯುತ್ತದೆ. ಒಂದೋ ಆ ಗಾಡಿಯ ಇಮೊಬಿಲೈಸರ್ ಯೂನಿಟ್ ಮತ್ತು ಕೀಯ ಚಿಪ್ ಸೇರಿಸಿ ಪೂರ್ತಿ ಸೆಟ್ ತರಬೇಕು, ಇಲ್ಲ ಟೂಲ್ ಹಾಕಿ ನಿಮ್ಮ ಗಾಡಿಗೆ ಹೊಸದಾಗಿ ಹೊಂದಿಸಬೇಕು. ಎಲ್ಲ ಇಸಿಎಂಗಳೂ ಹಾಗೆ ಹೊಂದಿಕೊಳ್ಳುವುದಿಲ್ಲ. ಗಾಡಿ ಯಾವುದು, ಎಷ್ಟನೇ ಇಸವಿಯದು, ಇಗ್ನಿಷನ್ ಆನ್ ಮಾಡಿದಾಗ ಬೀಗದ ದೀಪ ಮಿಣುಕುತ್ತಾ, ಹಾಗೇ ಉರಿಯುತ್ತಾ ಹೇಳಿ.